ಕಂದು ಕೋಶಕ್ಕೆ ಕೆಂಪು ಗುರುತು
ಹದಿನಾರಿನ ಗದ್ದೆಬದುಗಳಲ್ಲಿ ಬರಿಗಾಲಲ್ಲಿ ನಡೆಯುವವರ ಅಂಗಾಲಿನಲ್ಲಿ ಕಪ್ಪು ಕಲೆ ಕಂಡರೆ, ಮುಳ್ಳು ಚುಚ್ಚಿರಬೇಕೆಂದು ಸುಮ್ಮನಾಗುತ್ತೇವೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ನಮ್ಮವರಲ್ಲಿ ಅಪರೂಪ. ಆದರೆ ಬಂದರೆ ಅಂಗಾಲು, ಉಗುರಿನಡಿಯಲ್ಲೇ ಬರುವುದು ಹೆಚ್ಚು.

ಪತ್ತೆ ಹೇಗೆ? ಕಲೆಯ ಚೂರನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಸೀಳುತ್ತಾರೆ. ಹೆಮಟಾಕ್ಸಿಲಿನ್ ಕೋಶಕೇಂದ್ರಕ್ಕೆ ನೀಲಿ, ಇಯೋಸಿನ್ ಉಳಿದುದಕ್ಕೆ ಗುಲಾಬಿ ಬಣ್ಣ ಕೊಡುತ್ತದೆ. ಸಂಶಯ ಉಳಿದರೆ ಎಚ್‌ಎಂಬಿ-45ರಂತಹ ಪ್ರತಿಕಾಯಗಳನ್ನು ಹಾಕುತ್ತಾರೆ. ಅವು ಮೆಲನಿನ್ ತಯಾರಿಸುವ ಕೋಶಗಳ ಪ್ರೋಟೀನಿಗೆ ಅಂಟುತ್ತವೆ. ಅಂಟಿದಲ್ಲಿ ಬಣ್ಣ ಮೂಡುತ್ತದೆ. ಸಾಮಾನ್ಯವಾಗಿ ಆ ಬಣ್ಣ ಕಂದು. ಮೆಲನಿನ್ ಕೂಡ ಕಂದು! ಗೊಂದಲವಾಗದಿರಲೆಂದು ಕೆಂಪು ಬಳಸುವುದುಂಟು.

ಬೆಳೆಯುವ, ರಕ್ತ ಒಸರುವ ಕಲೆಯನ್ನು ಸುಡಬೇಡಿ, ಸುಣ್ಣ ಹಚ್ಚಬೇಡಿ, ವೈದ್ಯರಿಗೆ ತೋರಿಸಿ. ಆರಂಭದಲ್ಲೇ ಕತ್ತರಿಸಿ ತೆಗೆದರೆ ಗುಣವಾಗುವ ಸಾಧ್ಯತೆ ಹೆಚ್ಚು. ಮಕ್ಕಳೇ, ಇವತ್ತೇ ಅಜ್ಜ, ಅಜ್ಜಿಯ ಅಂಗಾಲು ನೋಡಿ.