ಎರಡನೇ ವಲಯದ ನೆಮ್ಮದಿ: ನಗರಾಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನಗರಾಭಿವೃದ್ಧಿ ಸಚಿವರೇ,

ಬೆಂಗಳೂರು ಭೂಕಂಪ ನಕ್ಷೆಯ ಎರಡನೇ ವಲಯದಲ್ಲಿದೆ, ಅಪಾಯ ಕಡಿಮೆ ಎನ್ನುವ ಮಾತನ್ನು ತಾವೂ ಹಲವು ಸಲ ಕೇಳಿರುತ್ತೀರಿ. ಆ ನೆಮ್ಮದಿಯಲ್ಲೇ ಬಡಾವಣೆಗಳ ತುಂಬ ಕೆಳಗೆ ಬರೀ ಕಂಬ ಮತ್ತು ಪಾರ್ಕಿಂಗ್, ಮೇಲೆ ನಾಲ್ಕೈದು ಅಂತಸ್ತಿನ ಕಟ್ಟಡಗಳು ಏಳುತ್ತಿವೆ. ನೆಲ ನಡುಗಿದಾಗ ಕಾಂಕ್ರೀಟ್ ಕಟ್ಟಡ ಬಾಗಿದರೂ ಕುಸಿಯದಂತೆ ಕಬ್ಬಿಣ ಹೇಗೆ ಕಟ್ಟಬೇಕೆಂದು ಹೇಳುವ ಸಂಹಿತೆ ಐಎಸ್ 13920. ಅದರ 2016ರ ಆವೃತ್ತಿ ಮೂರನೇ ವಲಯದಿಂದ ಮೇಲಕ್ಕೆ ಕಡ್ಡಾಯ, ಎರಡನೇ ವಲಯಕ್ಕೆ ಐಚ್ಛಿಕ. ಕಂಬಗಳ ಮೇಲೆ ನಿಂತ ಕಟ್ಟಡಗಳ ಮಟ್ಟಿಗಾದರೂ ರಾಜ್ಯದ ಬೈಲಾದಲ್ಲಿ ಇದನ್ನು ಕಡ್ಡಾಯ ಮಾಡಿ ಎಂದು ಕೇಳುವುದಷ್ಟೇ ಈ ಪತ್ರದ ಉದ್ದೇಶ.

ಹಿಮಾಲಯವೆಲ್ಲಿ, ನಾವೆಲ್ಲಿ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ಅದು ಅರ್ಧ ಸರಿ. ಭೂಮಿಯ ಹೊರಪದರ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ. ಇಂಡೊನೇಷ್ಯಾದಂತೆ ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವ ಕಡೆ ಭೂಕಂಪವೂ ಜ್ವಾಲಾಮುಖಿಯೂ ಜೊತೆಜೊತೆಗೆ ಇರುತ್ತವೆ. ಜ್ವಾಲಾಮುಖಿಯ ಭಯ ನಮಗಿಲ್ಲ. ವಿಜಯಪುರದ ಕರಿಕಲ್ಲನ್ನು ಹಾಸಿಹೋದ ಲಾವಾ ಆರಿ ಆರು ಕೋಟಿ ವರ್ಷ ದಾಟಿದೆ. ಆದರೆ ಭೂಕಂಪದ ಲೆಕ್ಕ ಬೇರೆ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯದತ್ತ ಸರಿಯುತ್ತ ಏಷ್ಯಾವನ್ನು ಒತ್ತುತ್ತಿದೆ. ಎದುರಿಗೆ ಹಿಮಾಲಯದ ತಡೆ, ಬೆನ್ನಿಗೆ ಹಿಂದೂ ಮಹಾಸಾಗರದ ತಳದಿಂದ ಬರುವ ನೂಕು. ನಡುವೆ ಸಿಕ್ಕ ದಖ್ಖನ್ನಿಗೆ ಈ ಒತ್ತಡ ತಪ್ಪಿದ್ದಲ್ಲ. ಇಲ್ಲಿನ ಹಳೆಯ ಬಂಡೆಯೊಳಗೆ ಎಂದೋ ಬಿಟ್ಟ ಬಿರುಕುಗಳಿವೆ. ಬಿರುಕಿನ ಎರಡು ಮೈಗಳು ಒಂದನ್ನೊಂದು ಹಿಡಿದುಕೊಂಡಿರುವ ತನಕ ಬಂಡೆ ಒತ್ತಡವನ್ನು ನುಂಗುತ್ತ ಹೋಗುತ್ತದೆ. ಹಿಡಿತ ತಪ್ಪಿತೋ, ಜಾರಿ ನೆಲ ಅದುರುತ್ತದೆ. ಫಲಕದ ಅಂಚಿನಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ, ಒಳನಾಡಿನಲ್ಲಿ ಎಷ್ಟೋ ತಲೆಮಾರಿಗೊಮ್ಮೆ. ಅಂಚು ದೂರವಿದೆ ಎಂದರೆ ಭೂಕಂಪ ಅಪರೂಪ ಎಂದಷ್ಟೇ ಅರ್ಥ. ಬಂದಾಗ ಮೆಲ್ಲಗೆ ಬರುತ್ತದೆ ಎಂದಲ್ಲ.

ಬೀದರ್, ಕಲಬುರಗಿಗಳಿಗೆ ಹತ್ತಿರದ, ಲಾತೂರ್ ಜಿಲ್ಲೆಯ ಕಿಲ್ಲಾರಿಯನ್ನು ನೋಡಿ. ಆಗಿನ ನಕ್ಷೆ ಆ ಊರನ್ನು ಒಂದನೇ ವಲಯದಲ್ಲಿ, ಅಂದರೆ ಅತಿ ಸುರಕ್ಷಿತ ಜಾಗದಲ್ಲಿ ಇಟ್ಟಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, 6.2 ಪ್ರಮಾಣದ ಕಂಪನ ಏಳು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕೊಂದದ್ದು ಮಣ್ಣಿನ ಗಾರೆಯಲ್ಲಿ ಕಾಡುಗಲ್ಲು ಪೇರಿಸಿದ ದಪ್ಪ ಗೋಡೆ, ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ಗೋಡೆಯ ಒಳಮೈ, ಹೊರಮೈಗಳನ್ನು ಹೆಣೆಯುವ ಉದ್ದನೆಯ ಕಲ್ಲು ಇಲ್ಲದೆ ಎರಡೂ ಬೇರೆಬೇರೆಯಾಗಿ ಉಬ್ಬಿ ಬಿದ್ದವು. 2002ರಲ್ಲಿ ನಕ್ಷೆಯಿಂದ ಒಂದನೇ ವಲಯವನ್ನೇ ತೆಗೆದುಹಾಕಿದರು. ಹಾಗಾಗಿ ಇಂದು ನಾವಿರುವ ‘ಎರಡು’ ಪಟ್ಟಿಯ ಅತಿ ಕೆಳಗಿನ ಮೆಟ್ಟಿಲು. ಕಿಲ್ಲಾರಿ ಅಂದು ನಿಂತಿದ್ದೂ ಅಂಥದೇ ಮೆಟ್ಟಿಲಲ್ಲಿ.

ನಮ್ಮದು ಕಲ್ಲು-ಮಣ್ಣಿನ ಮನೆಯಲ್ಲ, ಕಾಂಕ್ರೀಟು ಎನ್ನುವವರಿಗೆ ಅಹಮದಾಬಾದಿನ ಉದಾಹರಣೆ ಸಾಕು. 2001ರ ಜನವರಿ 26ರಂದು ಕಚ್ಛ್‌ನಲ್ಲಿ ಹುಟ್ಟಿದ ಕಂಪನ 200 ಕಿಲೋಮೀಟರಿಗೂ ದೂರದ ಆ ನಗರದಲ್ಲಿ ಬಹುಮಹಡಿ ಕಟ್ಟಡಗಳನ್ನು ಉರುಳಿಸಿ ನೂರಾರು ಜನರನ್ನು ಕೊಂದಿತು. ಬಿದ್ದವುಗಳಲ್ಲಿ ಕೆಳಗೆ ಪಾರ್ಕಿಂಗ್ ಬಿಟ್ಟವು ಬಹಳ. ಮೇಲಿನ ಅಂತಸ್ತುಗಳು ಇಟ್ಟಿಗೆ ಗೋಡೆಯಿಂದ ಬಿಗಿಯಾಗಿರುತ್ತವೆ, ತೂಗಾಟವೆಲ್ಲ ಕೆಳಗಿನ ಬೋಳು ಕಂಬಗಳ ಪಾಲಿಗೆ. ಆಗ ಕಂಬ ಉಳಿಯುವುದೋ ಮುರಿಯುವುದೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಉದ್ದ ಸರಳುಗಳನ್ನು ಸುತ್ತುವ ರಿಂಗು. ನಮ್ಮ ಸೈಟುಗಳಲ್ಲಿ ರಿಂಗಿನ ತುದಿಯನ್ನು 90 ಡಿಗ್ರಿಗೆ ಮಡಿಸಿ ಬಿಡುವುದು ಮಾಮೂಲು. ಹೊರಗಿನ ಕಾಂಕ್ರೀಟ್ ಉದುರಿದೊಡನೆ ಆ ಮಡಿಕೆ ಬಿಚ್ಚಿಕೊಂಡು ಸರಳು ಹೊರಕ್ಕೆ ಬಾಗುತ್ತದೆ. ಸಂಹಿತೆ ಕೇಳುವುದು 135 ಡಿಗ್ರಿ, ತುದಿ ಕಂಬದ ಗರ್ಭದೊಳಕ್ಕೆ. ಕಂಬದ ಬುಡದಲ್ಲೂ ತಲೆಯಲ್ಲೂ ರಿಂಗುಗಳ ನಡುವೆ 100 ಮಿಲಿಮೀಟರಿಗಿಂತ ಹೆಚ್ಚು ಅಂತರ ಬೇಡ. ಅಹಮದಾಬಾದಿನಲ್ಲಿ ಸಾಬರಮತಿಯ ಮೆಕ್ಕಲು ಮಣ್ಣು ಅಲೆಯನ್ನು ಇನ್ನಷ್ಟು ಜೋರು ಮಾಡಿತು. ಬೆಂಗಳೂರಿನಲ್ಲಿ ಕೆರೆ ಮುಚ್ಚಿ ಕಟ್ಟಿದ ನೆಲ ಎಷ್ಟಿದೆಯೆಂದು ತಮ್ಮ ಇಲಾಖೆಗೆ ಹೇಳಿಕೊಡಬೇಕಾಗಿಲ್ಲ.

ಮುನ್ಸೂಚನೆ ಸಿಕ್ಕಾಗ ನೋಡಿಕೊಳ್ಳೋಣ ಎನ್ನುವವರಿದ್ದಾರೆ. ಕಿಲ್ಲಾರಿಯಲ್ಲಿ 1992ರಲ್ಲೇ ಸಣ್ಣ ಕಂಪನಗಳಾಗಿದ್ದವು, ಮರುವರ್ಷ ಊರೇ ನೆಲಸಮವಾಯಿತು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲೂ ಸರಣಿ ಕಂಪನಗಳಾದವು. ಕಿಲ್ಲಾರಿಯಂಥದು ಅಲ್ಲಿ ಸಂಭವಿಸಲಿಲ್ಲ. ಯಾವುದು ಮುನ್ನುಡಿ, ಯಾವುದು ಅಲ್ಲ ಎಂದು ಮೊದಲೇ ಹೇಳುವ ವಿದ್ಯೆ ಯಾವ ದೇಶದ ಬಳಿಯೂ ಇಲ್ಲ. ಖರ್ಚಿನ ಆಕ್ಷೇಪ ಇದಕ್ಕಿಂತ ಪ್ರಾಮಾಣಿಕವಾದದ್ದು, ಏಕೆಂದರೆ ಕಬ್ಬಿಣವೂ ಕೂಲಿಯೂ ಸ್ವಲ್ಪ ಹೆಚ್ಚುವುದು ನಿಜ. ಅಡಿಪಾಯ, ಚಪ್ಪಡಿ, ಟೈಲ್ಸು, ಲಿಫ್ಟುಗಳ ವೆಚ್ಚದ ಎದುರು ರಿಂಗಿನ ಮಡಿಕೆಯ ಖರ್ಚು ಎದ್ದು ಕಾಣುವಂಥದ್ದಲ್ಲ. ಕಟ್ಟಿಬಿಟ್ಟ ಕಂಬವನ್ನು ಆಮೇಲೆ ಬಲಪಡಿಸುವುದೇ ನಿಜವಾದ ದುಬಾರಿ ಕೆಲಸ.

ಉಳಿದದ್ದು, ಯಾರು ನೋಡುತ್ತಾರೆ ಎಂಬ ಪ್ರಶ್ನೆ. ನನ್ನ ಮಟ್ಟಿಗೆ ಅತ್ಯಂತ ಗಟ್ಟಿಯಾದ ಆಕ್ಷೇಪ ಇದೇ. ಕಾಂಕ್ರೀಟ್ ಸುರಿದ ಮೇಲೆ ರಿಂಗು ಯಾವ ಇನ್‌ಸ್ಪೆಕ್ಟರ್ ಕಣ್ಣಿಗೂ ಬೀಳುವುದಿಲ್ಲ, ನಿಯಮ ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ನೆಲಮಟ್ಟದ ಪ್ರತಿ ಕಂಬಕ್ಕೂ ಕಾಂಕ್ರೀಟ್ ಹಾಕುವ ಮುನ್ನ ಅಳತೆಪಟ್ಟಿ ಇಟ್ಟು ತೆಗೆದ ಫೋಟೊ, ಅದರ ಮೇಲೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ. ಇವೆರಡೂ ಇಲ್ಲದೆ ಸ್ವಾಧೀನಾನುಭವ ಪತ್ರ ಕೊಡಬಾರದು. ದೆಹಲಿ ನಕ್ಷೆ ಬದಲಿಸುವ ತನಕ ಇದಕ್ಕಾಗಿ ಕಾಯಬೇಕಿಲ್ಲ. ಬೈಲಾ ತಿದ್ದುವ ಅಧಿಕಾರ ರಾಜ್ಯಕ್ಕಿದೆ, ಮುಂದಿನ ತಿದ್ದುಪಡಿಯಲ್ಲಿ ಈ ಎರಡು ಸಾಲು ಸೇರಿಸಿ.

ಇಂತಿ,
ಒಬ್ಬ ನಾಗರಿಕ