ಹೆಸರು ನಿನ್ನದು, ಗಡುವು ಯಾರಿಗೆ ಗೊತ್ತು?

ಕನ್ನಡದ ಗೆಳೆಯಾ,

ನಿನ್ನ ಸಂಘದ ವೆಬ್‌ಸೈಟಿನ ಹೆಸರು ಯಾವ ತಾರೀಖಿಗೆ ಮುಗಿಯುತ್ತದೆ? ಥಟ್ಟನೆ ಹೇಳು ನೋಡೋಣ. ಗೊತ್ತಿಲ್ಲ ತಾನೆ? ಕರೆಂಟ್ ಬಿಲ್ಲಿನ ಕೊನೇ ದಿನ ಗೊತ್ತು. ಲೋಕಕ್ಕೆಲ್ಲ ನಿನ್ನ ವಿಳಾಸವಾದ ಡೊಮೇನ್ ಹೆಸರಿನ ಗಡುವು ಮಾತ್ರ ಗೊತ್ತಿಲ್ಲ!

ಎಡವಿದ್ದು ನೀನೊಬ್ಬನೇ ಅಲ್ಲ. ಬೆಂಗಳೂರಿನಲ್ಲಿ ಓದಿದ ಸಬೀರ್ ಭಾಟಿಯಾ 1996ರಲ್ಲಿ ಗೆಳೆಯನೊಡನೆ ಕಟ್ಟಿದ ಹಾಟ್‌ಮೇಲನ್ನು ಕೊಂಡ ಮೈಕ್ರೋಸಾಫ್ಟ್, 1999ರ ಡಿಸೆಂಬರಿನಲ್ಲಿ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರನ್ನು ನವೀಕರಿಸಲು ಮರೆಯಿತು. ಬರೀ 35 ಡಾಲರ್! ಹಾಟ್‌ಮೇಲ್ ತೆರೆಯಲಾಗದೆ ಜನ ಪರದಾಡಿದರು. ಕೊನೆಗೆ ಹಣ ಕಟ್ಟಿದ್ದು ಯಾರೋ ಒಬ್ಬ ಪ್ರೋಗ್ರಾಮರ್, ತನ್ನ ಸ್ವಂತ ಕಾರ್ಡಿನಿಂದ. ಕುಬೇರನ ಕಂಪನಿಗೇ ಹೀಗಾದರೆ ನಿನ್ನ ಗತಿ?

ನಿಯಮ ಇಲ್ಲವೆಂದಲ್ಲ. ಡಾಟ್ ಕಾಮ್, ಡಾಟ್ ಆರ್ಗ್‌ಗಳಿಗೆ ಕಟ್ಟಳೆ ಮಾಡುವ ಐಕ್ಯಾನ್ 2013ರಲ್ಲೇ ಹೇಳಿದೆ: ಗಡುವಿಗೆ ಸುಮಾರು ತಿಂಗಳ ಮುಂಚೆ ಒಂದು, ವಾರದ ಮುಂಚೆ ಒಂದು, ಮುಗಿದ 5 ದಿನದೊಳಗೆ ಇನ್ನೊಂದು ಸೂಚನೆ ಬರಬೇಕು. ಹೆಸರು ಅಳಿಸಿದ ಮೇಲೂ 30 ದಿನ ಬಿಡಿಸಿಕೊಳ್ಳಬಹುದು, ಆದರೆ ಹೆಚ್ಚಿನ ಹಣ ತೆತ್ತು. ಅದೂ ದಾಟಿ 5 ದಿನ ಕಳೆದರೆ ಹೆಸರು ಬೀದಿಗೆ! ಕಾದು ಕುಳಿತವರು ಎತ್ತಿಕೊಂಡು ಹೋಗುತ್ತಾರೆ.

ಈಗ ಮುಖ್ಯ ಮಾತಿಗೆ ಬಾ. ಆ ಸೂಚನೆ ಯಾವ ಭಾಷೆಯಲ್ಲಿ ಬರಬೇಕು? ಒಪ್ಪಂದದ ಭಾಷೆಯಲ್ಲಿ ಎನ್ನುತ್ತದೆ ಅದೇ ನಿಯಮ. ಒಪ್ಪಂದ ಇಂಗ್ಲಿಷಾದರೆ ನೋಟಿಸೂ ಇಂಗ್ಲಿಷ್! 'ರಿಡೆಂಪ್ಷನ್ ಪೀರಿಯಡ್', 'ಪೆಂಡಿಂಗ್ ಡಿಲೀಟ್'... ಯಾರಿಗಪ್ಪಾ ಇದು? 'ಹಣ ಕಟ್ಟಿ ಬಿಡಿಸಿಕೊಳ್ಳಿ', 'ಇನ್ನು 5 ದಿನದಲ್ಲಿ ಕೈತಪ್ಪುತ್ತದೆ' ಎಂದು ಬರೆಯಲು ಏನು ಧಾಡಿ? ಕನ್ನಡ ಲಿಪಿಯಲ್ಲೇ '.ಭಾರತ' ಇರುವ ಕಾಲವಿದು. ಹೆಸರು ಕನ್ನಡದಲ್ಲಿ ಬರುವುದಾದರೆ ಗಡುವೂ ಕನ್ನಡದಲ್ಲೇ ಬರಲಿ!

ಆದರೆ ಬರೀ ಕೂಗಿದರೆ ಸಾಲದು. ಡೊಮೇನ್ ಯಾರ ಹೆಸರಿನಲ್ಲಿದೆ, ಇಂದೇ ನೋಡು. ಸೈಟು ಮಾಡಿಕೊಟ್ಟವನ ಹೆಸರಿನಲ್ಲಿದ್ದರೆ ಸಂಘದ ಹೆಸರಿಗೆ ಮಾಡಿಸು. ಸೂಚನೆ ಹೋಗುವ ಇಮೇಲನ್ನು ಯಾರಾದರೂ ತೆರೆಯುತ್ತಿದ್ದಾರೆಯೇ ವಿಚಾರಿಸು. ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆ. ಆಮೇಲೆ, ನಿನ್ನಿಂದ ಹಣ ಕಟ್ಟಿಸಿಕೊಳ್ಳುವವನಿಗೆ ಕನ್ನಡದಲ್ಲೇ ಒಂದು ಪತ್ರ ಹಾಕು: "ಒಪ್ಪಂದ ಕನ್ನಡದಲ್ಲಿ ಕೊಡಿ."

ಒಬ್ಬ ಕೇಳಿದರೆ ಕಸದಬುಟ್ಟಿಗೆ. ಸಾವಿರ ಜನ ಕೇಳಿದರೆ? ಕೊಟ್ಟೇ ತೀರಬೇಕು!