ಘಟ್ಟ ಇಳಿಯಲು ‘ಡಿ’ ಒಂದೇ ಸಾಲದು

ಆಟೊಮ್ಯಾಟಿಕ್ ಕಾರು ಕೊಂಡವರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು: “ಗೇರು ತಾನಾಗಿಯೇ ಬದಲಾಗುತ್ತದಲ್ಲ, ಮತ್ತೆ ಈ ‘ಎಲ್’, ‘2’, ‘ಎಂ’ ಎಲ್ಲ ಯಾಕೆ?”

ಊರೊಳಗೆ ಓಡಾಡಲು ‘ಡಿ’ ಸಾಕು. ಉಳಿದವುಗಳ ಬೆಲೆ ತಿಳಿಯುವುದು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವಾಗ.

ಗೇರ್‌ಬಾಕ್ಸಿಗೆ ಮುಂದಿನ ರಸ್ತೆ ಕಾಣುವುದಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಇನ್ನು ಶಕ್ತಿ ಬೇಡವೆಂದುಕೊಂಡು ಎಷ್ಟೋ ಕಾರುಗಳಲ್ಲಿ ಅದು ಮೇಲಿನ ಗೇರಿಗೆ ಹೋಗುತ್ತದೆ. ಕಾರಿನ ಓಟ ಹೆಚ್ಚುತ್ತದೆ, ನಿಮ್ಮ ಕಾಲು ಬ್ರೇಕಿನ ಮೇಲೇ ಉಳಿಯುತ್ತದೆ. ಹೀಗೆ ಒತ್ತಿಕೊಂಡೇ ಇಳಿದರೆ ಬ್ರೇಕ್ ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಬ್ರೇಕ್ ಆಯಿಲ್ ಕುದಿದು ಗುಳ್ಳೆ ಎದ್ದರಂತೂ ಪೆಡಲು ಒಳಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಕೆಳಗಿನ ಗೇರಿಗೆ ಹಾಕಿದರೆ ಎಂಜಿನ್ನೇ ಕಾರನ್ನು ಜಗ್ಗಿ ಹಿಡಿಯುತ್ತದೆ. ಇಳಿಜಾರಿನಲ್ಲಿ ಗಾಡಿಯನ್ನು ಹಿಂದಿನಿಂದ ಯಾರೋ ಎಳೆದು ಹಿಡಿದಂತೆ.

ನನ್ನ ರೂಢಿ ಹೇಳುತ್ತೇನೆ. ಇಳಿಜಾರು ಶುರುವಾಗುವ ಮೊದಲೇ ಬ್ರೇಕ್ ಒತ್ತಿ ವೇಗ ತಗ್ಗಿಸುತ್ತೇನೆ, ಆಮೇಲೆ ಎರಡನೇ ಗೇರು. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಎಂಬ ಹಳೆಯ ಚಾಲಕರ ಲೆಕ್ಕ ಇಲ್ಲೂ ಸರಿ. ತಿರುವಿಗೆ ಮೊದಲು ಬ್ರೇಕನ್ನು ಒಮ್ಮೆ ಚೆನ್ನಾಗಿ ಒತ್ತಿ ಬಿಡುತ್ತೇನೆ. ಮತ್ತೆ ಮತ್ತೆ ಒತ್ತಬೇಕಾಗಿ ಬಂದರೆ ಇನ್ನೂ ಒಂದು ಗೇರು ಕೆಳಕ್ಕೆ. ಎಂಜಿನ್ ಸದ್ದು ಏರಿದರೆ ಗಾಬರಿ ಬೇಡ, ಮುಳ್ಳು ಕೆಂಪು ಗೆರೆ ಮುಟ್ಟದಿದ್ದರೆ ಆಯಿತು. ಎಂಜಿನ್ ಹಿಡಿತದಿಂದ ವೇಗ ತಗ್ಗುವಾಗ ಹಿಂದಿನ ಕೆಂಪು ದೀಪ ಹತ್ತುವುದಿಲ್ಲ ಎಂಬುದೂ ನೆನಪಿರಲಿ. ಹಿಂದೆ ಲಾರಿಯೋ ಬಸ್ಸೋ ಹತ್ತಿರವಿದ್ದರೆ ಪೆಡಲನ್ನು ಮೆಲ್ಲನೆ ಮುಟ್ಟಿ ತಿಳಿಸಿ.

ಪೆಟ್ರೋಲ್ ಉಳಿಸಲು ‘ಎನ್’ಗೆ ಹಾಕಿ ಇಳಿಯುವವರಿದ್ದಾರೆ. ಅದು ಅಪಾಯ, ಉಳಿತಾಯವೂ ಅಲ್ಲ. ಗೇರಿನಲ್ಲಿದ್ದು ಕಾಲು ತೆಗೆದರೆ ಈಗಿನ ಎಂಜಿನ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ. ‘ಎನ್’ನಲ್ಲಿ ಎಂಜಿನ್ ಓಡುತ್ತಿರಲು ಇಂಧನ ಬೇಕೇ ಬೇಕು.

ಘಟ್ಟ ಹತ್ತುವಾಗಲೂ ಗೇರು ಎರಡಕ್ಕೂ ಮೂರಕ್ಕೂ ತುಯ್ದಾಡುತ್ತಿದ್ದರೆ ಎರಡರಲ್ಲೇ ನಿಲ್ಲಿಸಿಕೊಳ್ಳಿ.

ಹಿಂದೆ ಕೂತ ಮಕ್ಕಳಿಗೂ ಒಂದು ಕೆಲಸವಿದೆ. ಇಳಿಯುವಾಗ ಸುಟ್ಟ ವಾಸನೆ ಬಂದರೆ ಕೂಡಲೇ ಅಪ್ಪನಿಗೋ ಅಮ್ಮನಿಗೋ ಹೇಳಿ. ಅಗಲವಾದ ಜಾಗ ನೋಡಿ ಕಾರು ನಿಲ್ಲಿಸಿ, ಬ್ರೇಕ್ ತಾನಾಗಿಯೇ ಆರಲು ಬಿಡಲಿ. ಬಿಸಿಯಾದ ಚಕ್ರಕ್ಕೆ ನೀರು ಸುರಿಯುವುದು ಬೇಡ.